ರೇಖಾಗಣಿತದ ನೈದಾನಿಕ ಪರೀಕ್ಷೆ

ಶಾಲಾ ರೇಖಾಗಣಿತದಲ್ಲಿ ವಿದ್ಯಾರ್ಥಿ ಯಾವ ಹಂತದಲ್ಲಿ, ಯಾವ ತಪ್ಪು ತಿಳಿವಳಿಕೆಯಿಂದ ಎಡವುತ್ತಿದ್ದಾನೆ ಎಂದು ಪತ್ತೆಹಚ್ಚುವ ಸಲುವಾಗಿ ರಚಿಸುವ ಪರೀಕ್ಷೆ. ಸಾಧನಾ ಪರೀಕ್ಷೆ ಮಗು ಎಷ್ಟು ಕಲಿತಿದೆ ಎಂದು ಅಳೆಯುತ್ತದೆ. ನೈದಾನಿಕ ಪರೀಕ್ಷೆ ಕಲಿಯದೆ ಉಳಿದದ್ದು ಯಾವುದು, ಅದು ಏಕೆ ಉಳಿಯಿತು ಎಂದು ಕೇಳುತ್ತದೆ. ಹಾಗಾಗಿ ಇದರಲ್ಲಿ ಒಟ್ಟು ಅಂಕಕ್ಕೆ ಹೆಚ್ಚಿನ ಅರ್ಥವಿಲ್ಲ. ಇಪ್ಪತ್ತಕ್ಕೆ ಒಂಬತ್ತು ಬಂದ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ಕೋನಮಾಪಕ ಓದಲು ಬಾರದಿರಬಹುದು, ಇನ್ನೊಬ್ಬನಿಗೆ ಸಮರೂಪತೆಯೇ ಹಿಡಿತಕ್ಕೆ ಸಿಕ್ಕಿಲ್ಲದಿರಬಹುದು. ಒಂದೇ ಪಾಠವನ್ನು ಮತ್ತೊಮ್ಮೆ ಹೇಳಿದರೆ ಇಬ್ಬರಿಗೂ ಪ್ರಯೋಜನವಾಗದು. ಕರ್ನಾಟಕದ ಶಾಲೆಗಳಲ್ಲಿ ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಸೇತುಬಂಧ ಕಾರ್ಯಕ್ರಮದ ಅಂಗವಾಗಿ ವರ್ಷದ ಆರಂಭದಲ್ಲಿ ನೈದಾನಿಕ ಪರೀಕ್ಷೆ ನಡೆಯುತ್ತದೆ, ಬಿ.ಇಡಿ. ಪ್ರಶಿಕ್ಷಣಾರ್ಥಿಗಳೂ ಅಂಥದ್ದೊಂದನ್ನು ರಚಿಸಿ ದಾಖಲೆ ಪುಸ್ತಕಕ್ಕೆ ಸೇರಿಸುತ್ತಾರೆ. ಹೆಸರು ಇಷ್ಟು ಬಳಕೆಯಲ್ಲಿದ್ದರೂ ಪ್ರಶ್ನೆ ಕಟ್ಟುವ ಕಸುಬು ಅಷ್ಟಾಗಿ ಬೆಳೆದಿಲ್ಲ. ಹಳೆಯ ಘಟಕ ಪರೀಕ್ಷೆಯ ಪ್ರಶ್ನೆಗಳನ್ನೇ ಹೊಸ ತಲೆಬರಹದ ಕೆಳಗೆ ಕೊಡುವುದು ಸಾಮಾನ್ಯ. ಇಂಥ ಪರೀಕ್ಷೆ ರಚಿಸುವವರು ಸರಿ ಉತ್ತರಕ್ಕಿಂತ ತಪ್ಪು ಉತ್ತರಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ.

ಹಿನ್ನೆಲೆ

ಮಕ್ಕಳ ತಪ್ಪುಗಳನ್ನು ಕ್ರಮವಾಗಿ ಸಂಗ್ರಹಿಸುವ ಕೆಲಸ ಅಂಕಗಣಿತದಲ್ಲಿ ಮೊದಲು ನಡೆಯಿತು. ಷಿಕಾಗೋದ ಗೈ ಬಸ್ವೆಲ್ ಮತ್ತು ಲೆನೋರ್ ಜಾನ್ 1926ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಂದ ಲೆಕ್ಕವನ್ನು ಬಾಯಿಬಿಟ್ಟು ಹೇಳಿಸುತ್ತ ಮಾಡಿಸಿ, ಎಲ್ಲಿ ದಾರಿ ತಪ್ಪಿತು ಎಂದು ಗುರುತಿಸಿದರು. ರೇಖಾಗಣಿತಕ್ಕೆ ಒಂದು ಚೌಕಟ್ಟು ಸಿಗಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ನೆದರ್ಲೆಂಡ್ಸಿನ ಶಾಲಾ ಶಿಕ್ಷಕ ದಂಪತಿ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ-ಗೆಲ್ಡಾಫ್ 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಗಳಲ್ಲಿ ರೇಖಾಗಣಿತದ ಆಲೋಚನೆ ಹಂತಹಂತವಾಗಿ ಬೆಳೆಯುತ್ತದೆ ಎಂದು ವಾದಿಸಿದರು. ಡೀನಾ ಪದವಿ ಪಡೆದ ಸ್ವಲ್ಪ ಕಾಲದಲ್ಲೇ ತೀರಿಕೊಂಡರು; ವಿಚಾರವನ್ನು ಬೆಳೆಸಿದವರು ಪಿಯರ್.

ಅವರು ಹೇಳಿದ ಹಂತಗಳು ಐದು. ಮೊದಲನೆಯದರಲ್ಲಿ ಮಗು ಆಕೃತಿಯನ್ನು ಇಡಿಯಾಗಿ ನೋಡಿ ಗುರುತಿಸುತ್ತದೆ: ಬಾಗಿಲಿನ ಹಾಗೆ ಕಾಣುವುದು ಆಯತ. ಎರಡನೆಯದರಲ್ಲಿ ಬಾಹು, ಕೋನ, ಕರ್ಣಗಳ ಗುಣಗಳನ್ನು ಹೇಳಬಲ್ಲದು. ಮೂರನೆಯದರಲ್ಲಿ ಗುಣಗಳ ನಡುವಣ ಸಂಬಂಧ ಕಾಣುತ್ತದೆ, ಪ್ರತಿ ಚೌಕವೂ ಆಯತವೇ ಎಂಬ ಮಾತು ಒಪ್ಪಿಗೆಯಾಗುತ್ತದೆ. ನಾಲ್ಕನೆಯದು ಸಾಧನೆಯ, ಅಂದರೆ ಪ್ರಮೇಯವನ್ನು ತರ್ಕದಿಂದ ಸಾಧಿಸಿ ತೋರಿಸುವ ಹಂತ. ಐದನೆಯದು ಬೇರೆ ಬೇರೆ ಸ್ವಯಂಸಿದ್ಧ ವ್ಯವಸ್ಥೆಗಳನ್ನು ಹೋಲಿಸುವ ಮಟ್ಟದ್ದು. ಶಾಲೆಗೆ ಅದು ಸಂಬಂಧಿಸಿದ್ದಲ್ಲ. ಶಿಕ್ಷಕ ನಾಲ್ಕನೆಯ ಹಂತದಲ್ಲಿ ನಿಂತು ಮಾತಾಡುತ್ತಿದ್ದು ಮಗು ಎರಡನೆಯದರಲ್ಲಿದ್ದರೆ ಇಬ್ಬರೂ ಕನ್ನಡವನ್ನೇ ಆಡಿದರೂ ಅರ್ಥ ದಾಟುವುದಿಲ್ಲ ಎಂಬುದು ಈ ವಾದದ ತಿರುಳು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎಂಬ ಥೇಲ್ಸನ ಪ್ರಮೇಯವನ್ನು ಹತ್ತನೇ ತರಗತಿಯಲ್ಲಿ ಕಲಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1982ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಜಾಲ್ಮನ್ ಯುಸಿಸ್ಕಿನ್ ಈ ಹಂತಗಳನ್ನು ಲಿಖಿತ ಪರೀಕ್ಷೆಯಾಗಿ ಇಳಿಸಿದರು: ಹಂತಕ್ಕೆ ಐದರಂತೆ ಇಪ್ಪತ್ತೈದು ಬಹು ಆಯ್ಕೆ ಪ್ರಶ್ನೆ, ಪ್ರತಿಯೊಂದಕ್ಕೂ ಐದು ಆಯ್ಕೆ, ಅವಧಿ 35 ನಿಮಿಷ. ಇಂದಿಗೂ ಹಲವು ದೇಶಗಳಲ್ಲಿ ಇದು ಬಳಕೆಯಲ್ಲಿದೆ. ಆ ಪರೀಕ್ಷೆ ಹುಟ್ಟಿದ ಸಂಶೋಧನಾ ಯೋಜನೆಯ ಮಾಹಿತಿಯಿಂದ ಷ್ಯಾರನ್ ಸೆಂಕ್ 1985ರಲ್ಲಿ ಬರೆದ ಲೇಖನದ ಪ್ರಕಾರ, ವರ್ಷವಿಡೀ ಸಾಧನೆ ಕಲಿತ ಅಮೆರಿಕದ ವಿದ್ಯಾರ್ಥಿಗಳಲ್ಲಿ ಸಾಧನೆ ಬರೆಯುವುದರಲ್ಲಿ ಶೇ. 75ರ ಪ್ರಭುತ್ವ ಮುಟ್ಟಿದವರು ಸುಮಾರು ಶೇ. 30 ಮಾತ್ರ. ಇತ್ತ ಬ್ರಿಟನ್ನಿನಲ್ಲಿ ಕ್ಯಾಥ್ಲೀನ್ ಹಾರ್ಟ್ ತಂಡ 1974ರಿಂದ 1979ರವರೆಗೆ ನಡೆಸಿದ ಅಧ್ಯಯನ ಪ್ರತಿಫಲನ, ಆವರ್ತನೆ, ಅಳತೆ, ಅನುಪಾತಗಳಲ್ಲಿ ಮಕ್ಕಳು ಮಾಡುವ ತಪ್ಪುಗಳು ಕುರುಡು ತಪ್ಪುಗಳಲ್ಲ, ಅವುಗಳ ಹಿಂದೆ ಅವರದೇ ತರ್ಕವಿರುತ್ತದೆ ಎಂದು ತೋರಿಸಿತು. 1988ರಲ್ಲಿ ಆಸ್ಟ್ರೇಲಿಯದ ಡೇವಿಡ್ ಟ್ರೆಗಸ್ಟ್ ವಿಜ್ಞಾನ ಬೋಧನೆಗಾಗಿ ಎರಡು ಪದರದ ಪ್ರಶ್ನೆಯನ್ನು ವಿವರಿಸಿದರು. ಮೊದಲ ಪದರ ಉತ್ತರ ಕೇಳುತ್ತದೆ, ಎರಡನೆಯದು ಕಾರಣ ಕೇಳುತ್ತದೆ. ರೇಖಾಗಣಿತಕ್ಕೆ ಇದು ಚೆನ್ನಾಗಿ ಒಗ್ಗಿತು.

ಎಡವುವ ಎಡೆಗಳು

ಯಾವ ತಪ್ಪನ್ನು ಹುಡುಕಬೇಕು ಎಂಬ ತಿಳಿವಳಿಕೆ ಮೊದಲೇ ಇರದಿದ್ದರೆ ಪರೀಕ್ಷೆ ಏನನ್ನೂ ಪತ್ತೆಹಚ್ಚದು. ರೇಖಾಗಣಿತದ ತಪ್ಪುಗಳಲ್ಲಿ ಬಹುಪಾಲು ಚಿತ್ರದಿಂದಲೇ ಹುಟ್ಟುತ್ತವೆ. ಪುಸ್ತಕದಲ್ಲಿ ಚೌಕ ಯಾವಾಗಲೂ ಪುಟದ ಅಂಚಿಗೆ ಸಮಾಂತರವಾಗಿ ಕೂತಿರುತ್ತದೆ, ತ್ರಿಭುಜ ಪಾದದ ಮೇಲೆ ನಿಂತಿರುತ್ತದೆ, ಲಂಬಕೋನ ಎಡಗಡೆಯ ಕೆಳಮೂಲೆಯಲ್ಲಿರುತ್ತದೆ. ಮಗು ವ್ಯಾಖ್ಯೆಯ ಜೊತೆಗೆ ಈ ಭಂಗಿಯನ್ನೂ ಕಲಿತುಬಿಡುತ್ತದೆ. ಚೌಕವನ್ನು 45 ಡಿಗ್ರಿ ತಿರುಗಿಸಿ ತೋರಿಸಿ, ಇದು ಚೌಕ ಹೌದೋ ಅಲ್ಲವೋ ಎಂದರೆ ಆರನೇ ತರಗತಿಯಲ್ಲಿ ‘ಅಲ್ರಿ ಸರ್, ಸೊಟ್ಟ ಐತಲ್ರಿ’ ಎಂಬ ಉತ್ತರ ಬರುವುದು ಅಪರೂಪವಲ್ಲ. ‘ವಜ್ರಾಕೃತಿ’ ಎಂದವರೂ ಇರುತ್ತಾರೆ. ಅವರು ಹೇಳಿದ್ದು ತಪ್ಪಲ್ಲ, ಏಕೆಂದರೆ ಚೌಕವೂ ಒಂದು ವಜ್ರಾಕೃತಿಯೇ. ಆದರೆ ವಜ್ರಾಕೃತಿಯಾದ ಮೇಲೆ ಅದು ಚೌಕವಲ್ಲ ಎಂದು ಅವರು ತಿಳಿದಿದ್ದಾರೆಯೇ ಎಂಬುದು ಮುಂದಿನ ಪ್ರಶ್ನೆಯಿಂದ ಗೊತ್ತಾಗಬೇಕು. ಷ್ಲೋಮೊ ವಿನ್ನರ್, ರೀನಾ ಹರ್ಷ್‌ಕೊವಿಟ್ಜ್ ಮೊದಲಾದ ಇಸ್ರೇಲಿನ ಸಂಶೋಧಕರು ಮಕ್ಕಳ ಮನಸ್ಸಿನಲ್ಲಿ ಕೂತಿರುವ ಈ ಮಾದರಿ ಚಿತ್ರಗಳ ಬಗ್ಗೆ 1980ರ ದಶಕದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ.

ಎತ್ತರದ ವಿಷಯವೂ ಇದೇ. ವಿಶಾಲಕೋನ ತ್ರಿಭುಜದಲ್ಲಿ ಲಘುಕೋನದ ಶೃಂಗದಿಂದ ಎಳೆದ ಲಂಬ ತ್ರಿಭುಜದ ಹೊರಗೆ ಬೀಳುತ್ತದೆ ಎಂಬುದನ್ನು ನಂಬಲು ಒಂಬತ್ತನೇ ತರಗತಿಯವರೂ ಹಿಂಜರಿಯುತ್ತಾರೆ. ಪಾದ ಎಂದರೆ ಕೆಳಗಿರುವ ಬಾಹು, ಎತ್ತರ ಎಂದರೆ ಪುಟದ ಮೇಲೆ ನೆಟ್ಟಗೆ ಎದ್ದ ಗೆರೆ ಎಂಬ ಗ್ರಹಿಕೆ ಬೇರೂರಿದ ಮೇಲೆ ವಿಸ್ತೀರ್ಣದ ಸೂತ್ರ ಬಾಯಿಪಾಠವಿದ್ದೂ ಲೆಕ್ಕ ತಪ್ಪುತ್ತದೆ.

ಕೋನದಲ್ಲಿ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಭುಜಗಳು ಉದ್ದವಾಗಿದ್ದರೆ ಕೋನ ದೊಡ್ಡದು ಎಂದುಕೊಳ್ಳುವುದು ಒಂದು. ಕೋನಮಾಪಕದ ಒಳಸಾಲು ಹೊರಸಾಲುಗಳನ್ನು ಅದಲುಬದಲು ಮಾಡಿ 50 ಡಿಗ್ರಿಯನ್ನು 130 ಎಂದು ಓದುವುದು ಇನ್ನೊಂದು. ಎರಡನೆಯದು ಉಪಕರಣ ಬಳಕೆಯ ತಪ್ಪು. ಎದುರಿಗಿರುವ ಕೋನ ಲಘುವೋ ವಿಶಾಲವೋ ಎಂದು ಕಣ್ಣಿಂದ ನೋಡುವ ಅಭ್ಯಾಸ ಮಾಡಿಸಿದರೆ ಬೇಗ ಸರಿಹೋಗುತ್ತದೆ. ಮೊದಲನೆಯದು ಕೋನದ ಕಲ್ಪನೆಯದೇ ತಪ್ಪು. ಸಾಧಾರಣ ಪರೀಕ್ಷೆಯಲ್ಲಿ ಎರಡಕ್ಕೂ ಸೊನ್ನೆ ಬೀಳುತ್ತದೆ, ಪರಿಹಾರ ಬೋಧನೆಯ ತರಗತಿಯಲ್ಲಿ ಎರಡೂ ಗುಂಪಿನವರನ್ನು ಒಟ್ಟಿಗೆ ಕೂರಿಸುತ್ತಾರೆ. ಕೈವಾರ ಸಡಿಲವಾಗಿದ್ದು ತ್ರಿಜ್ಯ ಜಾರಿದ್ದರಿಂದಾದ ತಪ್ಪು, ಅಳತೆಪಟ್ಟಿಯನ್ನು ಸೊನ್ನೆಯ ಬದಲು ಒಂದರಿಂದ ಇಟ್ಟು ಅಳೆದದ್ದರಿಂದಾದ ತಪ್ಪು ಇವನ್ನೂ ಬೇರೆಯಾಗಿಯೇ ಎಣಿಸಬೇಕು. ಹಂಚಿಕೊಂಡ ಕಂಪಾಸ್ ಬಾಕ್ಸಿನಲ್ಲಿ ಪರೀಕ್ಷೆ ಬರೆಯುವ ಮಕ್ಕಳ ರಚನೆಗಳನ್ನು ತಿದ್ದುವಾಗ ಇದು ನೆನಪಿನಲ್ಲಿರುವುದು ಒಳ್ಳೆಯದು.

ಸುತ್ತಳತೆ ಮತ್ತು ವಿಸ್ತೀರ್ಣದ ಗೊಂದಲಕ್ಕೆ ನಮ್ಮ ನೆಲದಲ್ಲೇ ಸಾವಿರ ವರ್ಷ ಮೀರಿದ ಇತಿಹಾಸವಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯ ಕ್ಷೇತ್ರಗಣಿತದಲ್ಲಿ ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡು ಬಗೆಯ ಲೆಕ್ಕ ಕೊಡುತ್ತಾನೆ. ಚತುರ್ಭುಜದ ಎದುರುಬದುರು ಬಾಹುಗಳನ್ನು ಕೂಡಿ ಅರ್ಧ ಮಾಡಿ, ಬಂದ ಎರಡನ್ನೂ ಗುಣಿಸುವುದು ವ್ಯಾವಹಾರಿಕ. ಹೊಲ ಅಳೆಯುವವರ ಬಾಯಲ್ಲಿ ಈ ಅಂದಾಜು ಲೆಕ್ಕ ಈಗಲೂ ಇದೆ. ಒಂದು ಗುಂಟೆ ಎಂದರೆ 33 ಅಡಿ ಚೌಕ, 1089 ಚದರಡಿ. ನಾಲ್ಕೂ ಬದಿ 33 ಅಡಿಯೇ ಇದ್ದು ಮೂಲೆ ಮಾತ್ರ 60 ಡಿಗ್ರಿಗೆ ಓರೆಯಾದ ತುಂಡನ್ನು ಈ ಲೆಕ್ಕದಲ್ಲಿ ಅಳೆದರೂ 1089 ಬರುತ್ತದೆ. ನಿಜವಾಗಿ ಅಲ್ಲಿರುವುದು ಸುಮಾರು 943 ಚದರಡಿ. ಬಾಹುಗಳು ಬದಲಾಗದಿದ್ದರೆ ವಿಸ್ತೀರ್ಣವೂ ಬದಲಾಗದು ಎಂದು ಬರೆಯುವ ಎಂಟನೇ ತರಗತಿಯ ಹುಡುಗಿ ಮನೆಯಲ್ಲಿ ಕೇಳಿದ್ದನ್ನೇ ಬರೆಯುತ್ತಿರಬಹುದು. ಮಹಾವೀರ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟಿದ್ದ. ನಮ್ಮ ಪಠ್ಯಗಳು ಅಂದಾಜು ಲೆಕ್ಕವನ್ನು ಹೇಳುವುದೇ ಇಲ್ಲವಾದ್ದರಿಂದ ಅದು ತಪ್ಪೆಂದು ತೋರಿಸುವ ಅವಕಾಶವೂ ಕೈತಪ್ಪುತ್ತದೆ.

ಸಾಧನೆಯ ತೊಂದರೆಗಳು ಬೇರೆ ಜಾತಿಯವು. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ತಲೆಬರಹ ಹಾಕಿ ಪುಸ್ತಕದ ಪ್ರಮೇಯವನ್ನು ಅಚ್ಚುಕಟ್ಟಾಗಿ ಬರೆಯುವ ಮಗು, ಶೃಂಗಗಳ ಅಕ್ಷರ ಬದಲಿಸಿದ ಕೂಡಲೇ ನಿಂತುಬಿಡುತ್ತದೆ. ಸಾಧಿಸಬೇಕಾದದ್ದನ್ನೇ ದತ್ತವೆಂದು ಹಿಡಿಯುವುದು, ಪ್ರಮೇಯ ಮತ್ತು ಅದರ ವಿಲೋಮವನ್ನು ಒಂದೇ ಎಂದುಕೊಳ್ಳುವುದು, ಚಿತ್ರವನ್ನು ಅಳೆದು ಸಮ ಬಂತು, ಆದ್ದರಿಂದ ಸಾಧಿಸಿದೆ ಎನ್ನುವುದು ಪರಿಚಿತ ತಪ್ಪುಗಳು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಪುಸ್ತಕದ ಪ್ರಮೇಯವೇ ಬರುತ್ತದೆಂಬ ಭರವಸೆ ಇರುವವರೆಗೆ ಬಾಯಿಪಾಠ ಅಂಕ ತಂದುಕೊಡುತ್ತದೆ, ತೊಂದರೆ ಬೆಳಕಿಗೆ ಬರುವುದಿಲ್ಲ. ಅಕ್ಷರ ಬದಲಿಸಿ, ಚಿತ್ರ ತಲೆಕೆಳಗು ಮಾಡಿ ಅದೇ ಪ್ರಮೇಯವನ್ನು ಕೇಳಿ ನೋಡುವುದು ಇದಕ್ಕೆ ಅತ್ಯಂತ ಅಗ್ಗದ ಪರೀಕ್ಷೆ.

ಪ್ರಶ್ನೆ ಕಟ್ಟುವ ಬಗೆ

ಮೊದಲ ಕೆಲಸ ಘಟಕವನ್ನು ಬಿಡಿಸುವುದು. ಸಾಧನಾ ಪರೀಕ್ಷೆಯ ನೀಲನಕ್ಷೆಯಲ್ಲಿ ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ ಎಂದು ಅಂಕ ಹಂಚುವ ರೂಢಿ ಇದೆ. ನೈದಾನಿಕ ಪರೀಕ್ಷೆಗೆ ಅದು ಸಾಲದು. ಕಲಿಕಾಂಶಗಳನ್ನು ಒಂದರ ಮೇಲೊಂದು ನಿಲ್ಲುವ ಕ್ರಮದಲ್ಲಿ ಬರೆದುಕೊಳ್ಳಬೇಕು. ಸಮರೂಪತೆಗೆ ಅನುಪಾತ ಬೇಕು, ಅನುರೂಪ ಕೋನ ಬೇಕು, ಅನುರೂಪ ಕೋನಕ್ಕೆ ಸಮಾಂತರ ರೇಖೆ ಮತ್ತು ಛೇದಕ ಬೇಕು. ಪ್ರತಿ ಅಂಶಕ್ಕೆ ಕನಿಷ್ಠ ಮೂರು ಪ್ರಶ್ನೆ ಇಟ್ಟರೆ ಕೈತಪ್ಪಿ ಆದ ತಪ್ಪಿಗೂ ನೆಲೆಯೂರಿದ ತಪ್ಪಿಗೂ ವ್ಯತ್ಯಾಸ ತಿಳಿಯುತ್ತದೆ. ಇಡೀ ವರ್ಷದ ರೇಖಾಗಣಿತವನ್ನು ಒಂದೇ ಪರೀಕ್ಷೆಗೆ ತುರುಕಿದರೆ ಅಂಶಕ್ಕೊಂದೇ ಪ್ರಶ್ನೆ ಸಿಗುತ್ತದೆ, ಆಗ ಹಾಗೆ ಬೇರ್ಪಡಿಸಲು ಬರುವುದಿಲ್ಲ. ಒಂದು ಘಟಕಕ್ಕೆ ಒಂದು ಪರೀಕ್ಷೆ, ಅದೂ ಒಂದು ಪೀರಿಯಡ್ ಮೀರದಂತೆ ಇರುವುದು ಒಳ್ಳೆಯದು.

ಆಮೇಲೆ ತಪ್ಪುಗಳನ್ನು ಹಿಡಿಯಬೇಕು. ಆಯ್ಕೆಗಳನ್ನು ಕೊಡದೆ ಪ್ರಶ್ನೆಯನ್ನು ಒಂದೆರಡು ತರಗತಿಗಳಲ್ಲಿ ಬಿಡಿಸಲು ಕೊಟ್ಟು, ಬಂದ ತಪ್ಪು ಉತ್ತರಗಳನ್ನು ಗುಂಪು ಮಾಡಿ, ಕೆಲವು ಮಕ್ಕಳನ್ನು ಕೂರಿಸಿಕೊಂಡು ಹೇಗೆ ಮಾಡಿದೆ ಎಂದು ಕೇಳಬೇಕು. ಬಹು ಆಯ್ಕೆ ಪ್ರಶ್ನೆಯ ತಪ್ಪು ಆಯ್ಕೆಗಳು ಅಲ್ಲಿಂದ ಬರಬೇಕು. ಮೇಜಿನ ಮುಂದೆ ಕೂತು ಕಲ್ಪಿಸಿ ಬರೆದ ಆಯ್ಕೆಗಳಲ್ಲಿ ಒಂದೆರಡನ್ನು ಯಾವ ಮಗುವೂ ಮುಟ್ಟುವುದಿಲ್ಲ.

ಹತ್ತನೇ ತರಗತಿಯ ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡಬಹುದು. ತ್ರಿಭುಜ ಎಬಿಸಿಯಲ್ಲಿ ಎಬಿ ಬಾಹುವಿನ ಮೇಲೆ ಡಿ, ಎಸಿ ಬಾಹುವಿನ ಮೇಲೆ ಇ ಬಿಂದುಗಳಿವೆ. ಡಿಇ ರೇಖೆ ಬಿಸಿಗೆ ಸಮಾಂತರ. ಎಡಿ 4 ಸೆಂ.ಮೀ., ಡಿಬಿ 2 ಸೆಂ.ಮೀ., ಬಿಸಿ 9 ಸೆಂ.ಮೀ. ಆದರೆ ಡಿಇ ಎಷ್ಟು? ಸರಿ ಉತ್ತರ 6; ಎಡಿಗೆ ಎಬಿ ಇರುವ ಅನುಪಾತದಲ್ಲೇ ಡಿಇಗೆ ಬಿಸಿ ಇರುತ್ತದೆ. ಥೇಲ್ಸನ ಪ್ರಮೇಯದಲ್ಲಿ ಬರುವ ಎಡಿ, ಡಿಬಿ ಅನುಪಾತವನ್ನೇ ತಂದು ಡಿಇ, ಬಿಸಿಗಳಿಗೆ ಹೊಂದಿಸಿದವರಿಗೆ 18 ಬರುತ್ತದೆ. ಎಡಿಯ ಬದಲು ಡಿಬಿ ಎಂಬ ತಪ್ಪು ತುಂಡನ್ನು ಇಡೀ ಬಾಹುವಿನೊಂದಿಗೆ ಹೋಲಿಸಿದರೆ 3. ಎಬಿಗಿಂತ ಎಡಿ ಎರಡು ಕಡಿಮೆ, ಹಾಗಾದರೆ ಬಿಸಿಗಿಂತ ಡಿಇ ಕೂಡ ಎರಡು ಕಡಿಮೆ ಎಂದು ಅನುಪಾತ ಬಳಸಬೇಕಾದ ಕಡೆ ಕೂಡಿಸಿ ಕಳೆಯುವವರಿಗೆ 7. ಹಾರ್ಟ್ ತಂಡಕ್ಕೆ ಬ್ರಿಟನ್ನಿನಲ್ಲಿ ಸಿಕ್ಕ ತಪ್ಪೂ ಇದೇ ಬಗೆಯದು. ಒಳಗೆ ಎಳೆದ ಸಮಾಂತರ ಗೆರೆ ಯಾವಾಗಲೂ ಅರ್ಧ ಎಂದು ಮಧ್ಯಬಿಂದು ಪ್ರಮೇಯವನ್ನು ನೆನಪಿಟ್ಟವರಿಗೆ ನಾಲ್ಕೂವರೆ. ಆಯ್ಕೆಗಳು 3, 4.5, 6, 7, 18 ಎಂದಿಟ್ಟರೆ ಮಗು ಗುರುತು ಹಾಕಿದ ಅಕ್ಷರವೇ ಮುಂದಿನ ಪಾಠ ಯಾವುದೆಂದು ಹೇಳುತ್ತದೆ. ಹದಿನೆಂಟನ್ನು ಆರಿಸಿದವರು ಒಳಗಿನ ಗೆರೆ ಹೊರಗಿನದಕ್ಕಿಂತ ಉದ್ದ ಬಂದದ್ದನ್ನೂ ಗಮನಿಸಿಲ್ಲ, ಅಂದರೆ ಅವರಿಗೆ ಲೆಕ್ಕಕ್ಕೂ ಚಿತ್ರಕ್ಕೂ ಸಂಬಂಧ ಕಡಿದಿದೆ.

ಸಂಖ್ಯೆಗಳ ಆಯ್ಕೆಯಲ್ಲಿ ಎಚ್ಚರ ಬೇಕು. ಇದೇ ಪ್ರಶ್ನೆಯಲ್ಲಿ ಎಡಿ 3, ಡಿಬಿ 3, ಬಿಸಿ 8 ಎಂದು ಕೊಟ್ಟರೆ ಸರಿ ದಾರಿಯಲ್ಲಿ ಹೋದವರಿಗೂ 4, ಅರ್ಧ ಎಂದುಕೊಂಡವರಿಗೂ 4, ತಪ್ಪು ತುಂಡನ್ನು ಹಿಡಿದವರಿಗೂ 4. ತಪ್ಪು ದಾರಿ ಹಿಡಿದವರು ಸರಿ ಉತ್ತರ ಮುಟ್ಟುವಂತಿದ್ದರೆ ಆ ಪ್ರಶ್ನೆಯನ್ನು ಬಿಟ್ಟುಬಿಡಬೇಕು. ಎರಡು ಬೇರೆ ತಪ್ಪುಗಳು ಒಂದೇ ಉತ್ತರ ಕೊಡುವಂತಿದ್ದರೂ ಬಿಡಬೇಕು. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಉತ್ತರ ನೀಟಾಗಿ ಬರಲೆಂದು ಇಂಥ ಸಂಖ್ಯೆಗಳೇ ಹೆಚ್ಚು. ಅವುಗಳನ್ನು ಹಾಗೇ ಎತ್ತಿಕೊಳ್ಳಬಾರದು.

ಊಹೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಐದು ಆಯ್ಕೆಗಳ ಐದು ಪ್ರಶ್ನೆಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದವರು ಮೂರು ಅಥವಾ ಹೆಚ್ಚು ಸರಿ ಮಾಡುವ ಸಂಭವ ನೂರಕ್ಕೆ ಸುಮಾರು 6. ನಾಲ್ಕು ಅಥವಾ ಹೆಚ್ಚು ಸರಿ ಮಾಡುವುದು ನೂರಕ್ಕೆ 1ಕ್ಕಿಂತ ಕಡಿಮೆ. ಯುಸಿಸ್ಕಿನ್ ಪರೀಕ್ಷೆಯಲ್ಲಿ ಹಂತ ದಾಟಲು ಮೂರು ಸಾಕೋ ನಾಲ್ಕು ಬೇಕೋ ಎಂಬ ಚರ್ಚೆ ಬಂದದ್ದು ಇದರಿಂದ. ಮೂರನ್ನು ಒಪ್ಪಿದರೆ ಕೆಲವರು ಅದೃಷ್ಟದಿಂದ ದಾಟುತ್ತಾರೆ, ನಾಲ್ಕನ್ನು ಹಿಡಿದರೆ ಬಲ್ಲವರೂ ಕೆಲವರು ಕೆಳಗುಳಿಯುತ್ತಾರೆ. ಶಾಲೆಯ ಮಟ್ಟಿಗೆ ಮೂರೇ ಸರಿಯಾದ ಮಿತಿ ಎಂದು ತೋರುತ್ತದೆ, ಏಕೆಂದರೆ ಶಿಕ್ಷಕರು ಮರುದಿನವೂ ಅದೇ ಮಗುವನ್ನು ನೋಡುತ್ತಾರೆ, ಅದೃಷ್ಟದಿಂದ ದಾಟಿದವರನ್ನು ಆಗ ಗುರುತಿಸಬಹುದು.

ಪ್ರಶ್ನೆ ವಿಶ್ಲೇಷಣೆಯ ಸಾಂಪ್ರದಾಯಿಕ ಸೂಚ್ಯಂಕಗಳು ಇಲ್ಲಿ ಹಾಗೇ ಹೊಂದುವುದಿಲ್ಲ. ಸಾಧನಾ ಪರೀಕ್ಷೆಯಲ್ಲಿ ತರಗತಿಯ ಮುಕ್ಕಾಲುಪಾಲಿಗಿಂತ ಹೆಚ್ಚು ಮಂದಿ ಸರಿ ಮಾಡುವ ಪ್ರಶ್ನೆಯನ್ನು ತೀರಾ ಸುಲಭವೆಂದು ಕೈಬಿಡುತ್ತಾರೆ, ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ಮಕ್ಕಳನ್ನು ಬೇರ್ಪಡಿಸದ ಪ್ರಶ್ನೆಯನ್ನು ದುರ್ಬಲ ಎನ್ನುತ್ತಾರೆ. ನೈದಾನಿಕ ಪರೀಕ್ಷೆಗೆ ಸುಲಭ ಪ್ರಶ್ನೆಯೇ ಬೇಕು: ಎಲ್ಲರೂ ಮಾಡಬಲ್ಲದ್ದರಲ್ಲಿ ತಪ್ಪಿದ ಇಬ್ಬರು ಯಾರು ಎಂಬುದನ್ನು ಅದು ತೋರಿಸುತ್ತದೆ.

ಕರ್ನಾಟಕದ ಶಾಲೆಗಳಲ್ಲಿ

ರಾಜ್ಯದ ಶಾಲೆಗಳಲ್ಲಿ ಸೇತುಬಂಧದ ಕ್ರಮ ಗೊತ್ತಾದದ್ದೇ. ಹಿಂದಿನ ತರಗತಿಯ ಬುನಾದಿ ಸಾಮರ್ಥ್ಯಗಳ ಮೇಲೆ ನೈದಾನಿಕ ಪರೀಕ್ಷೆ, ಬಳಿಕ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಇದಕ್ಕೆ ಬೇಕಾದ ಸಾಹಿತ್ಯವನ್ನು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಸಿದ್ಧಪಡಿಸುತ್ತದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದರಿಂದಾದ ಕಲಿಕಾ ನಷ್ಟ ತುಂಬಲು 2022-23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು. ವರ್ಷದುದ್ದಕ್ಕೂ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಪ್ರಾಥಮಿಕ ಹಂತದಲ್ಲಿ ಅಕ್ಷರ ಫೌಂಡೇಶನ್ ಮತ್ತು ಸರ್ಕಾರ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನ ನಾಲ್ಕು, ಐದನೇ ತರಗತಿಗೆ ಗಣಿತ ಕಿಟ್ ತಂದಿತು. ಆಕೃತಿ, ಕೋನಗಳನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡುವ ಸಾಮಗ್ರಿ ಅದರಲ್ಲಿತ್ತು. ಇನ್ನು 2017ರ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಪರಖ್ ಸಮೀಕ್ಷೆಗಳು ಮಾದರಿ ಶಾಲೆಗಳನ್ನು ಆರಿಸಿ ನಡೆಸಿದವು. ಜಿಲ್ಲೆಯ ಮಟ್ಟ ತಿಳಿಯಲು ಅವು ಸರಿ, ತರಗತಿಯಲ್ಲಿ ಕೂತ ಮಗುವಿನ ತೊಂದರೆಯನ್ನು ಅವುಗಳಿಂದ ಓದಲು ಹೋಗಬಾರದು.

ಸೇತುಬಂಧದ ದೌರ್ಬಲ್ಯ ಅದರ ಅವಸರ. ಎಲ್ಲ ವಿಷಯಗಳಿಗೂ ಒಟ್ಟಿಗೆ ಬರುವ ಕೆಲವೇ ದಿನಗಳಲ್ಲಿ ಗಣಿತಕ್ಕೆ ಸಿಗುವುದು ಸ್ವಲ್ಪ, ಗಣಿತದಲ್ಲಿ ರೇಖಾಗಣಿತಕ್ಕೆ ಸಿಗುವುದು ಇನ್ನೂ ಸ್ವಲ್ಪ. ಭಾಗಾಕಾರ, ಭಿನ್ನರಾಶಿಗಳೇ ಹೊತ್ತನ್ನು ನುಂಗುತ್ತವೆ. ಫಲಿತಾಂಶವನ್ನು ನಮೂನೆಯಲ್ಲಿ ಶೇಕಡಾವಾರು ತುಂಬಿ ಕಳಿಸುವ ಹೊತ್ತಿಗೆ ಯಾವ ಮಗು ಯಾವ ತಪ್ಪು ಮಾಡಿತ್ತು ಎಂಬುದು ಕಾಗದದಿಂದ ಮಾಯವಾಗಿರುತ್ತದೆ. ಇದಕ್ಕೆ ಬದಲಾಗಿ ಅಡ್ಡಸಾಲಿನಲ್ಲಿ ಮಕ್ಕಳ ಹೆಸರು, ಕಂಬಸಾಲಿನಲ್ಲಿ ಪ್ರಶ್ನೆ, ಅವು ಸೇರುವ ಚೌಕಮನೆಯಲ್ಲಿ ಮಗು ಆರಿಸಿದ ಆಯ್ಕೆಯ ಅಕ್ಷರ ಬರೆದ ಒಂದೇ ಹಾಳೆ ಸಾಕು. ಕಂಬಸಾಲನ್ನು ಮೇಲಿಂದ ಕೆಳಕ್ಕೆ ಓದಿದರೆ ಇಡೀ ತರಗತಿಗೆ ಮತ್ತೆ ಕಲಿಸಬೇಕಾದದ್ದು ತಿಳಿಯುತ್ತದೆ, ಅಡ್ಡಸಾಲನ್ನು ಓದಿದರೆ ಒಬ್ಬೊಬ್ಬರ ಕಥೆ.

ಬಾಗಳಿ ಮತ್ತು ಸುತ್ತಲಿನ ತಾಲ್ಲೂಕುಗಳು

ಪ್ರಶ್ನೆಗೆ ಬೇಕಾದ ವಸ್ತು ಶಾಲೆಯ ಆಸುಪಾಸಿನಲ್ಲೂ ಸಿಗುತ್ತದೆ. ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ ರಾಷ್ಟ್ರಕೂಟರ ಕೊನೆಗಾಲದಿಂದ ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ಆಳ್ವಿಕೆಯವರೆಗೆ, ಅಂದರೆ 10ನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡದ್ದು. ಅದರ ಕಂಬಗಳ ಸಾಲು ಆರರಿಂದ ಹತ್ತನೇ ತರಗತಿಯವರೆಗೆ ಪ್ರಶ್ನೆ ಒದಗಿಸಬಲ್ಲದು. ತಿರುಗಣೆ ಕಂಬದ ಬುಡ ಚೌಕ, ಮೇಲಿನದು ದುಂಡು. ಚೌಕದೊಳಗೆ ಹಿಡಿಸುವ ಅತಿ ದೊಡ್ಡ ವೃತ್ತದ ವ್ಯಾಸ ಚೌಕದ ಬಾಹುವಿಗೆ ಸಮವೋ ಕರ್ಣಕ್ಕೆ ಸಮವೋ ಎಂಬ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರಗಳಲ್ಲಿ, ವೃತ್ತ ಚೌಕದ ಒಳಗಿದೆಯೋ ಹೊರಗಿದೆಯೋ ಎಂಬ ಗೊಂದಲ ತಕ್ಷಣ ಕಾಣುತ್ತದೆ. ತುಂಗಭದ್ರೆಯ ಆಚೆ ದಂಬಳದ ದೊಡ್ಡಬಸಪ್ಪ ದೇವಾಲಯದ ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಒಂದೇ ಕೇಂದ್ರದ ಸುತ್ತ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಬರೆದರೆ ಅಂಥ ಆಕೃತಿ ಸಿಗುತ್ತದೆ. ಚೌಕವನ್ನು ಕನಿಷ್ಠ ಎಷ್ಟು ತಿರುಗಿಸಿದರೆ ಅದು ಮೊದಲಿನ ಜಾಗದಲ್ಲೇ ಸರಿಯಾಗಿ ಕೂರುತ್ತದೆ ಎಂದು ಕೇಳಿ 45, 90, 180, 360 ಎಂಬ ಆಯ್ಕೆ ಕೊಟ್ಟರೆ, 45 ಎಂದವರು ಸಮಮಿತಿಯ ಅಕ್ಷವನ್ನೂ ಆವರ್ತನೆಯನ್ನೂ ಬೆರೆಸಿಕೊಂಡಿರುತ್ತಾರೆ, 360 ಎಂದವರಿಗೆ ಆವರ್ತನ ಸಮಮಿತಿ ಇನ್ನೂ ಹೊಸದು.

ಸ್ಥಳೀಯ ವಸ್ತುವನ್ನು ಸೇರಿಸಿದ ಮಾತ್ರಕ್ಕೆ ಪ್ರಶ್ನೆ ಸುಲಭವಾಗುತ್ತದೆ ಎಂದೇನಿಲ್ಲ. ದೇವಾಲಯದ ಬಗ್ಗೆ ನಾಲ್ಕು ಸಾಲು ಓದಿ ಆಮೇಲೆ ಲೆಕ್ಕಕ್ಕೆ ಬರಬೇಕಾದರೆ ಪರೀಕ್ಷೆ ಓದುವ ಶಕ್ತಿಯನ್ನು ಅಳೆಯತೊಡಗುತ್ತದೆ. ಆಸ್ಟ್ರೇಲಿಯದ ಆ್ಯನ್ ನ್ಯೂಮನ್ 1977ರಲ್ಲಿ ವಿವರಿಸಿದ ಕ್ರಮ ಇಲ್ಲಿ ಉಪಯುಕ್ತ: ಮಗುವಿಗೆ ಪ್ರಶ್ನೆ ಓದಲು ಬಂತೇ, ಅರ್ಥವಾಯಿತೇ, ಯಾವ ಲೆಕ್ಕ ಮಾಡಬೇಕೆಂದು ಹೊಳೆಯಿತೇ, ಅದನ್ನು ಮಾಡಲು ಬಂತೇ, ಉತ್ತರವನ್ನು ಸರಿಯಾಗಿ ಬರೆಯಿತೇ ಎಂದು ಒಂದೊಂದಾಗಿ ಕೇಳುತ್ತ ಹೋಗುವುದು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಪಟ್ಟಣಗಳಲ್ಲಿ ಹಲವರದು ಉರ್ದು. ಶೃಂಗಾಭಿಮುಖ ಕೋನ, ತ್ರಾಪಿಜ್ಯ, ವಿಕರ್ಣ ಮುಂತಾದವು ಕನ್ನಡ ಮನೆಯ ಮಕ್ಕಳಿಗೂ ಪುಸ್ತಕದ ಪದಗಳೇ. ಹೀಗಾಗಿ ಒಂದೇ ಅಂಶವನ್ನು ಒಮ್ಮೆ ಮಾತಿನಲ್ಲಿ, ಒಮ್ಮೆ ಬರಿಯ ಚಿತ್ರದಲ್ಲಿ ಕೇಳುವ ಜೋಡಿ ಪ್ರಶ್ನೆಗಳನ್ನು ಇಡುವುದು ಒಳ್ಳೆಯದು. ಚಿತ್ರದ್ದು ಸರಿಯಾಗಿ ಮಾತಿನದು ತಪ್ಪಾದರೆ ಆ ಮಗುವಿಗೆ ರೇಖಾಗಣಿತದ ಪರಿಹಾರ ಬೋಧನೆ ಬೇಡ, ಪದಗಳನ್ನು ಕಲಿಸಿದರಾಯಿತು.

ಈ ಸೀಮೆಯ ಶಾಲೆಗಳ ಫಲಿತಾಂಶವನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದಕ್ಕೆ ಆಡಳಿತದ ಒಂದು ತೊಡಕೂ ಇದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಅಂಕಿಅಂಶ ಮೂರು ಜಿಲ್ಲೆಗಳ ಕಡತಗಳಲ್ಲಿ ಹಂಚಿಹೋಗಿದೆ. ಶಾಲೆಯೇ ತನ್ನ ತಪ್ಪುಗಳ ಹಾಳೆಗಳನ್ನು ಕಾಪಿಟ್ಟುಕೊಂಡರೆ ಜಿಲ್ಲೆ ಬದಲಾದರೂ ಅವು ಉಳಿಯುತ್ತವೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಮಳೆಯಾಶ್ರಿತ ಬೇಸಾಯದ ಈ ತಾಲ್ಲೂಕುಗಳಿಂದ ಸುಗ್ಗಿ ಮುಗಿದ ಮೇಲೆ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಿವೆ. ಮಕ್ಕಳು ಜೊತೆಗೆ ಹೋದರೆ ಕೆಲವು ಘಟಕಗಳು ಪೂರ್ತಿ ತಪ್ಪುತ್ತವೆ. ಪಾಠ ಕೇಳದೆ ಉತ್ತರ ಗೊತ್ತಿಲ್ಲದ ಮಗುವಿಗೂ, ಪಾಠ ಕೇಳಿ ತಪ್ಪಾಗಿ ತಿಳಿದ ಮಗುವಿಗೂ ಹಾಳೆಯಲ್ಲಿ ಒಂದೇ ಬಗೆಯ ತಪ್ಪು ಬೀಳಬಹುದು. ಮೊದಲನೆಯ ಮಗುವಿಗೆ ಆ ಪಾಠವನ್ನು ಮೊದಲಿಂದ ಹೇಳಬೇಕು, ಎರಡನೆಯದರ ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಿಸಬೇಕು. ಇಬ್ಬರನ್ನೂ ಬೇರ್ಪಡಿಸಲು ಎರಡು ಉಪಾಯಗಳಿವೆ. ಆಯ್ಕೆಗಳ ಕೊನೆಗೆ ‘ಈ ಪಾಠ ನನಗೆ ಆಗಿಲ್ಲ’ ಎಂಬುದನ್ನೂ ಸೇರಿಸುವುದು ಒಂದು. ಅಂಕವಿಲ್ಲದ ಪರೀಕ್ಷೆಯಲ್ಲಿ ಮಕ್ಕಳು ಇದನ್ನು ಪ್ರಾಮಾಣಿಕವಾಗಿಯೇ ಗುರುತಿಸುವ ಸಾಧ್ಯತೆ ಹೆಚ್ಚು. ಉತ್ತರದ ಪಕ್ಕದಲ್ಲಿ ಖಾತ್ರಿ ಇದೆಯೋ ಅಂದಾಜೋ ಎಂದು ಕೇಳುವುದು ಇನ್ನೊಂದು. ಖಾತ್ರಿಯಿಂದ ಬರೆದ ತಪ್ಪನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಜೂನ್‌ನಲ್ಲಿ ಒಮ್ಮೆ ಎಲ್ಲರಿಗೂ ಕೊಡುವ ಪರೀಕ್ಷೆ ಇಂಥ ಮಕ್ಕಳಿಗೆ ಸಾಲದು. ಗುಳೆಯಿಂದ ಮರಳಿದ ವಾರದಲ್ಲೇ, ತಪ್ಪಿದ ಘಟಕಗಳ ಮಟ್ಟಿಗೆ, ಇಪ್ಪತ್ತು ನಿಮಿಷದ ಹಾಳೆಯೊಂದನ್ನು ಆಯಾ ಮಗುವಿಗೆ ಕೊಡಬೇಕಾಗುತ್ತದೆ. ಘಟಕಕ್ಕೊಂದು ಪರೀಕ್ಷೆ ಮೊದಲೇ ಸಿದ್ಧವಿರುವ ಶಾಲೆಯಲ್ಲಿ ಇದು ಹೆಚ್ಚಿನ ಕೆಲಸವಲ್ಲ.